ನಲವತ್ತು ಮಣೆಯ ಹೇಮಾ

ನಮ್ಮ ಸೊಸೆ ಹೇಮಲತಾ ಯಾವ ಕುರ್ಚಿ ಮೇಲೂ ಒಂದೇ ಸಲಕ್ಕೆ ಕೂರೋಳಲ್ಲ. ಮೊದಲು ಅಂಗೈ ಊರಿ ಒತ್ತಿ ನೋಡ್ತಾಳೆ, ಸ್ವಲ್ಪ ಅಲ್ಲಾಡಿಸ್ತಾಳೆ, ಆಮೇಲೆ ಕೂರ್ತಾಳೆ. ಮದುವೆಯಾಗಿ ನಮ್ಮ ಮಾದಿಹಳ್ಳಿಗೆ ಬಂದ ಹೊಸತರಲ್ಲಿ ನೆಂಟರ ಮನೆಯಲ್ಲೂ ಹೀಗೇ ಮಾಡಿ, "ಏನಮ್ಮ, ನಮ್ಮನೆ ಕುರ್ಚೀಲಿ ಮುಳ್ಳೈತಾ?" ಅಂತ ಅನ್ನಿಸಿಕೊಂಡಿದ್ದಾಳೆ. ನನಗೆ ಅವತ್ತು ತಲೆ ತಗ್ಗಿಸುವ ಹಾಗಾಗಿತ್ತು.

ಅದರ ಹಿಂದಿನ ಕಥೆ ನನಗೆ ಗೊತ್ತಾಗಿದ್ದು ಎರಡು ವರ್ಷ ಆದಮೇಲೆ. ಹೇಮಾಳ ತವರೂರು ಹಗರೆ. ಹಾಸನದಲ್ಲಿ ಡಿಪ್ಲೊಮಾ ಓದಿ, ಬೇಲೂರಿನಲ್ಲಿ ಮನೆ ಪ್ಲಾನು ಬರೆದುಕೊಡುವ ಒಂದು ಆಫೀಸಿಗೆ ಸೇರಿದಳು. ದಿನವೆಲ್ಲ ಕಂಪ್ಯೂಟರ್ ಮುಂದೆ ಕೂತು ಗೆರೆ ಎಳೆಯುವ ಕೆಲಸ. ಮೊದಲನೇ ವರ್ಷ ಯಾರದೋ ಮನೆಯ ಮೆಟ್ಟಿಲು ಬರೆಯುವಾಗ ಒಂದು ಮೆಟ್ಟಿಲನ್ನು ಮಿಕ್ಕವಕ್ಕಿಂತ ಒಂದಿಂಚು ಎತ್ತರ ಬರೆದುಬಿಟ್ಟಳಂತೆ. ಮೇಸ್ತ್ರಿಯೂ ಗಮನಿಸಲಿಲ್ಲ, ಬರೆದ ಹಾಗೇ ಕಟ್ಟಿದ. ಆ ಮನೆಯ ಅಜ್ಜಿ ಹತ್ತುವಾಗೆಲ್ಲ ಅಲ್ಲೇ ಎಡವುತ್ತಾಳೆ.

"ಬಿದ್ದಿಲ್ಲವಲ್ಲ, ಬಿಡೇ" ಅಂದೆ.

"ಬೀಳೋ ತನಕ ಕಾಯ್ಬೇಕಾ ಅತ್ತೆ?" ಅಂದಳು. ಇವತ್ತಿಗೂ ಅವಳು ಆ ಬೀದಿ ತುಳಿಯಲ್ಲ, ಸುತ್ತು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗ್ತಾಳೆ.

ನಾನು ಓದಿರೋದು ಮೂರನೇ ಕ್ಲಾಸು. ಈಗ ನನಗೆ ಎಪ್ಪತ್ತಮೂರು. ನಮ್ಮ ಮನೆತನ ನಡೆದುಕೊಳ್ಳುವ ಮಠ ಅರಸೀಕೆರೆ ಕಡೆ ಇದೆ. ಯಜಮಾನರು ಇದ್ದಾಗ ಪ್ರತಿ ಅಮಾವಾಸ್ಯೆ ದಾಸೋಹಕ್ಕೆ ತಪ್ಪದೆ ಹೋಗ್ತಿದ್ದೆವು. ಅವರು ತೀರಿಕೊಂಡ ಮೇಲೂ ನಾನು ಬಿಡಲಿಲ್ಲ. ಆದರೆ ಮಂಡಿ ಬಿಟ್ಟಿತು. ನೆಲದ ಮೇಲೆ ಕೂತರೆ ಏಳೋಕೆ ಇಬ್ಬರು ಬೇಕು. ನನ್ನಂಥವರಿಗೆ ಅಂತ ಸಾಲಿನ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕ್ತಿದ್ದರು. ಹೋದ ವರ್ಷ ಒಬ್ಬ ಹಿರಿಯರು ಕೂತ ಕುರ್ಚಿಯ ಕಾಲು ಮಡಚಿಕೊಂಡು ಅವರ ಸೊಂಟ ಮುರಿಯಿತು. ಅವತ್ತಿಂದ ಹಾಲ್ ಒಳಗೆ ಕುರ್ಚಿ ಬೇಡ ಅಂತ ಆಯಿತು. ಮಂಡಿ ನೋವಿನವರೆಲ್ಲ ಹೊರಗಿನ ಜಗಲಿ ಮೇಲೆ. ಒಳಗಿನ ಸಾಲು ಎದ್ದ ಮೇಲೆ ನಮಗೆ ಬಡಿಸೋರು.

ಪಾಯಸ ಅದೇ, ಅನ್ನ ಅದೇ. ಆದರೂ ಒಳಗೆ ಎಲ್ಲರೂ ಒಟ್ಟಿಗೆ ಶರಣು ಅಂತ ಕೈಯೆತ್ತಿ ಮುಗಿದು ತುತ್ತು ಎತ್ತುವಾಗ, ಆ ಸದ್ದನ್ನು ಗೋಡೆಯಾಚೆ ಕೂತು ಕೇಳೋದಿದೆಯಲ್ಲ, ಅದು ಕಷ್ಟ. ಎರಡು ಅಮಾವಾಸ್ಯೆ ಹೋದೆ. ಮೂರನೇದಕ್ಕೆ "ತಲೆನೋವು" ಅಂದೆ. ಹೇಮಾ ನನ್ನ ಮುಖ ನೋಡಿದಳು.

ಮಾರನೇ ದಿನ ಹಿತ್ತಲಿಂದ ಇಟ್ಟಿಗೆ ಹೊತ್ತು ತಂದಳು. ಎರಡು ಸಾಲು ಇಟ್ಟಿಗೆ, ಅದರ ಮೇಲೆ ಹಲಗೆ. "ಅತ್ತೆ, ಕೂತ್ಕೊಳ್ಳಿ. ಕೈ ಊರದೆ ಏಳಿ." ಆಗಲಿಲ್ಲ. ಇನ್ನೊಂದು ಇಟ್ಟಿಗೆ ಏರಿಸಿದಳು. ಆಗಲಿಲ್ಲ. ಐದನೇ ಇಟ್ಟಿಗೆಗೆ ನಾನು ಯಾರ ಹಂಗೂ ಇಲ್ಲದೆ ಎದ್ದೆ. ಟೇಪು ಹಿಡಿದು ಒಂದೂಕಾಲು ಅಡಿ ಅಂತ ಬರೆದುಕೊಂಡಳು. "ಇದಕ್ಕಿಂತ ಎತ್ತರ ಬೇಡ. ಸಾಲಲ್ಲಿ ನಿಮ್ಮ ತಲೆಯೊಂದೇ ಮೇಲೆ ಕಾಣಬಾರದು" ಅಂದಳು.

ಆಮೇಲೆ ಫ್ರಿಜ್ಜಿನ ಪೆಟ್ಟಿಗೆ ರಟ್ಟು ಕತ್ತರಿಸಿ ಕತ್ತರಿಸಿ ಮನೆ ತುಂಬಿಸಿದಳು. ಅವಳ ಲೆಕ್ಕ ಇಷ್ಟು: ಮೂರೇ ತುಂಡು. ಎರಡು ತುಂಡು ಕಾಲು, ಅರ್ಧರ್ಧ ಸೀಳಿದ್ದು, ಒಂದರೊಳಗೊಂದು ಅಡ್ಡಡ್ಡ ಕೂರುತ್ತೆ. ಮೂರನೇದು ಕೂರುವ ಹಲಗೆ. ಕಾಲಿನ ಮೇಲ್ತುದಿಯಲ್ಲಿ ನಾಲಿಗೆ ಇರುತ್ತೆ, ಹಲಗೆಯಲ್ಲಿ ಸೀಳು ಇರುತ್ತೆ, ನಾಲಿಗೆ ಸೀಳಿಗೆ ಬಿಗಿಯಾಗಿ ಕೂತರೆ ಮಣೆ ನಿಂತಿತು. ಮೊಳೆ ಇಲ್ಲ, ಅಂಟು ಇಲ್ಲ. ಬೇಡವಾದಾಗ ಬಿಚ್ಚಿ ಗೋಡೆಗೆ ಒರಗಿಸಿದರೆ ತಟ್ಟೆ ಜೋಡಿಸಿದ ಹಾಗೆ.

ಮರ ಕೊಯ್ಯೋದಕ್ಕೆ ಬೇಲೂರಿನ ಸುನಿಲ್ ಅಂಗಡಿ. ಅವನ ಹತ್ತಿರ ಕಂಪ್ಯೂಟರ್ ಹೇಳಿದ ಹಾಗೆ ಕೊಯ್ಯುವ ಮೆಷಿನ್ ಇದೆ. ದೇವರಮನೆ ಬಾಗಿಲಿಗೆ ಡಿಸೈನು ಹೊಡೆಯೋದು ಅವನ ಕಸುಬು. ಒಂದು ದಿನ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ದೊಡ್ಡ ಮಂಚದಂಥ ಮೇಜು, ಮೇಲೆ ಒಂದು ಸುತ್ತುವ ಕೊರೆ, ಯಾರೂ ಹಿಡಿಯದೆ ತಾನೇ ಓಡಾಡುತ್ತೆ.

"ಅಕ್ಕಾ, ಈ ಮೆಷಿನ್ನು ಇದುವರೆಗೆ ಗಣಪತಿ, ಲಕ್ಷ್ಮಿ, ನವಿಲು ಬಿಟ್ರೆ ಬೇರೇನೂ ಕಂಡಿಲ್ಲ. ನೀವು ಅರ್ಧ ಎಂಎಂ, ಕಾಲು ಎಂಎಂ ಅಂತೀರ" ಅಂದ ಸುನಿಲ್.

"ನವಿಲಿನ ಮೇಲೆ ಯಾರೂ ಕೂರಲ್ಲ ಸುನಿಲ್, ಇದರ ಮೇಲೆ ಕೂರ್ತಾರೆ."

"ಸುಬ್ರಹ್ಮಣ್ಯ ಕೂರ್ತಾನಲ್ಲಕ್ಕಾ!"

ನಾನು ನಕ್ಕೆ. ಅವಳು ನಗಲಿಲ್ಲ, ಕೊರೆಯ ತುದಿಯನ್ನೇ ನೋಡ್ತಿದ್ದಳು.

ಮೊದಲನೇ ಮಣೆ ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡಿತು. ಪ್ಲೈವುಡ್ ಶೀಟಿನ ಮೇಲೆ ಹದಿನೆಂಟು ಎಂಎಂ ಅಂತ ಅಚ್ಚು ಹಾಕಿದ್ದರು, ಅಳೆದರೆ ಹದಿನೇಳೂ ಚಿಲ್ಲರೆ. ಇವಳು ಅಚ್ಚನ್ನು ನಂಬಿ ಸೀಳು ಬರೆದಿದ್ದಳು. ಎರಡನೇದು ಅರ್ಧಕ್ಕೇ ಸಿಕ್ಕಿಕೊಂಡಿತು. ಕೊರೆ ದುಂಡಗಿರೋದು, ಸೀಳಿನ ಮೂಲೆ ಚೌಕ ಬರಲ್ಲ, ನಾಲಿಗೆ ಮಾತ್ರ ಚೌಕ. ಅದಕ್ಕೆ ಪ್ರತಿ ಮೂಲೆಗೂ ಇಲಿ ಕಚ್ಚಿದಷ್ಟು ಸಣ್ಣ ತೂತು ಬರೆದಳು. ಆರನೇ ಮಣೆ ಅಂಗೈಯಲ್ಲಿ ತಟ್ಟಿದರೆ ಟಪ್ ಅಂತ ಕೂತಿತು. ಅವತ್ತಿಂದ ಒಂದೊಂದು ಶೀಟನ್ನೂ ಸ್ಟೀಲಿನ ಅಳತೆ ಕಡ್ಡಿ ಹಿಡಿದು ನಾಲ್ಕು ಕಡೆ ಅಳೆಯದೆ ಮೆಷಿನ್ ಮೇಲೆ ಮಲಗಿಸಲು ಬಿಡ್ತಿರಲಿಲ್ಲ.

ಆ ಮಣೆಯನ್ನು ಬಿಚ್ಚಿ ಗೋಣಿಚೀಲಕ್ಕೆ ಹಾಕಿಕೊಂಡು ಅತ್ತೆ ಸೊಸೆ ಬಸ್ಸು ಹತ್ತಿದೆವು.

"ಏನಮ್ಮ ಚೀಲದಲ್ಲಿ?" ಅಂದ ಕಂಡಕ್ಟರು.

"ಕುರ್ಚಿ."

"ಹಂಗಾದ್ರೆ ಬಿಚ್ಚಿ ಹಾಕಮ್ಮ, ನಾನು ಕೂರ್ತೀನಿ. ಬೆಳಗ್ಗಿಂದ ನಿಂತೇ ಇದೀನಿ."

ಮಠದಲ್ಲಿ ಸ್ವಾಮೀಜಿ, ಅಂದರೆ ನಮ್ಮ ಬುದ್ಧಿಯವರ ಮುಂದೆ ಮೂರು ತುಂಡು ಜೋಡಿಸಿದಳು. "ಮೊಳೆ ಎಲ್ಲಮ್ಮ?" ಅಂತ ಕೇಳಿದರು. "ಮೊಳೆ ಇಲ್ಲ ಬುದ್ಧೀ, ಒಂದನ್ನೊಂದು ಹಿಡ್ಕೊಂಡಿವೆ." ಬುದ್ಧಿಯವರು ನಕ್ಕು, ದಾಸೋಹದ ಉಸ್ತುವಾರಿ ಶಿವಪ್ರಕಾಶ್ ಅವರ ಕಡೆ ಕೈ ತೋರಿಸಿದರು. ಅವರು ದಪ್ಪ ಆಸಾಮಿ. ಕೂತರು, ಎದ್ದರು, ಮತ್ತೆ ಕೂತರು. ಹಿರಿಯ ಗುರುಗಳ ಸ್ಮರಣೆ ಮುಂದೊಂದು ಸೋಮವಾರ ಬಿದ್ದಿತ್ತು. ಅದಕ್ಕೆ ನಲವತ್ತು ಮಣೆ ಮಾಡಿಕೊಡೋದು ಅಂತ ಮಾತಾಯಿತು.

ಹೊರಡುವಾಗ ಶಿವಪ್ರಕಾಶ್ ಒಂದು ಮಾತು ಹೇಳಿದರು. "ನೋಡಮ್ಮ, ನಿನ್ನ ಮೇಲೆ ನಂಬಿಕೆ ಐತೆ. ಆದ್ರೆ ಒಬ್ಬರೇ ಒಬ್ಬರು ಬಿದ್ರೂ, ಮಂಡಿ ನೋವಿನೋರನ್ನ ಈ ಹಾಲೊಳಗೆ ಇನ್ಯಾವತ್ತೂ ಬಿಡಾಕಾಗಲ್ಲ. ನನ್ನ ಕೊರಳಿಗೆ ಬತ್ತದೆ."

ಅಲ್ಲಿಂದ ಹೇಮಾ ಊಟ ಸರಿಯಾಗಿ ಮಾಡಲಿಲ್ಲ.

ಇನ್ನು ನನ್ನ ಕಥೆ ಹೇಳಬೇಕು, ಮುಚ್ಚಿಟ್ಟು ಪ್ರಯೋಜನ ಇಲ್ಲ.

ಶನಿವಾರ ಬೆಳಗ್ಗೆ ಗೂಡ್ಸ್ ಆಟೋದಲ್ಲಿ ತುಂಡುಗಳು ಬಂದು ಹಜಾರದಲ್ಲಿ ಇಳಿದವು. ಕೊನೆಯ ಶೀಟು ಬಾಕಿ ಅಂತ ಹೇಮಾ ಬೇಲೂರಿಗೆ ಹೋದಳು. ಮಗ ಮಹಾಂತೇಶ ಹಾಲಿನ ಡೈರಿಗೆ ಹೋದ. ನಾನೂ, ಸ್ಮರಣೆಗೆ ಅಂತ ಎರಡು ದಿನ ಮುಂಚೆ ಬಂದಿದ್ದ ನನ್ನ ಓರಗಿತ್ತಿ ಶಿವಗಂಗಮ್ಮನೂ ಮನೆಯಲ್ಲಿ. ನೋಡಿದರೆ ಮಣೆ ಮೇಲೆಲ್ಲ ಮರದ ಹೊಟ್ಟು, ಯಾರದೋ ಬೂಟಿನ ಗುರುತು.

"ಅಕ್ಕ, ಶರಣರು ಪ್ರಸಾದಕ್ಕೆ ಕೂರೋ ಮಣೆ. ತೊಳೀದೆ ಕಳ್ಸೋದಾ?" ಅಂದಳು ಶಿವಗಂಗಮ್ಮ.

ನನ್ನ ಮನಸ್ಸಲ್ಲೂ ಅದೇ ಇತ್ತು. ನಮ್ಮ ತವರಲ್ಲಿ ಹಲಸಿನ ಮಣೆಗಳಿದ್ದವು. ಹಬ್ಬ ಬಂತು ಅಂದರೆ ಅವ್ವ ಬಾವಿಕಟ್ಟೆ ಮೇಲೆ ಹಾಕಿ ನಾರಿನಲ್ಲಿ ತಿಕ್ಕಿ ತೊಳೆದು ನಿಲ್ಲಿಸೋಳು. ಮೂರು ತಲೆಮಾರು ತೊಳೆದರೂ ಅವು ಹಾಗೇ ಇದ್ದವು. ಹೊಸ ಮಣೆಯನ್ನು ನೀರು ಕಾಣಿಸದೆ ಊಟಕ್ಕೆ ಹಾಕೋದುಂಟೇ? ಅಂಗಳದ ನಲ್ಲಿ ತಿರುಗಿಸಿದೆವು. ಸೀಗೇಪುಡಿ, ತೆಂಗಿನ ನಾರು. ಅವಳು ತಿಕ್ಕಿದಳು, ನಾನು ನೀರು ಹುಯ್ದೆ. ಬಿಸಿಲು ಚೆನ್ನಾಗಿತ್ತು, ಕಾಂಪೌಂಡಿಗೆ ಒರಗಿಸುತ್ತಾ ಬಂದೆವು. ಎಪ್ಪತ್ತೆರಡು ತುಂಡು ತೊಳೆದು ಸೊಂಟ ಹಿಡಿಯಿತು ಅಂತ ನಿಲ್ಲಿಸಿದೆವು. ಸೊಸೆ ಬಂದು ನೋಡಿ ಖುಷಿ ಪಡ್ತಾಳೆ ಅಂತ ಕಾಫಿಗಿಟ್ಟೆ.

ಅವಳು ಗೇಟು ತೆಗೆದು ಅಲ್ಲೇ ನಿಂತಳು.

"ಅತ್ತೆ, ಇವೆಲ್ಲಾ ಯಾಕೆ ಒದ್ದೆ?"

"ತೊಳೆದ್ವಿ ಕಣೇ. ಪ್ರಸಾದದ ಮಣೆ ಅಲ್ವಾ?"

ಅವಳು ಚಪ್ಪಲಿಯನ್ನೂ ಬಿಡದೆ ಹೋಗಿ ಒಂದು ಕಾಲು, ಒಂದು ಹಲಗೆ ಎತ್ತಿಕೊಂಡಳು. ನಾಲಿಗೆಯನ್ನು ಸೀಳಿಗೆ ಇಟ್ಟು ಒತ್ತಿದಳು. ಹೋಗಲಿಲ್ಲ. ಇನ್ನೊಂದು ಜೊತೆ. ಅದೂ ಹೋಗಲಿಲ್ಲ. ಅಳತೆ ಕಡ್ಡಿ ತೆಗೆದಳು. ನಾಲಿಗೆಯ ದಪ್ಪ ಅಳೆದಳು.

"ಇದು ಹಲಸಲ್ಲ ಅತ್ತೆ. ಪದರದ ಮೇಲೆ ಪದರ ಅಂಟಿಸಿದ್ದು. ನೀರು ಕುಡಿದರೆ ಊದಿಕೊಳ್ಳುತ್ತೆ. ನಾಳೆ ಪಾಲಿಶ್ ಹಚ್ಚಬೇಕು ಅಂತಿದ್ದೆ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದಿತ್ತು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಶಿವಗಂಗಮ್ಮ ಮಾತ್ರ "ನಾನು ಅವಾಗ್ಲೇ ಅಂದೆ, ಕೇಳಿ ಮಾಡೋಣ ಅಂತ" ಅಂದಳು. ಅವಳು ಅಂಥ ಮಾತೇ ಆಡಿರಲಿಲ್ಲ.

ಮಧ್ಯಾಹ್ನ ಮಹಾಂತೇಶ ಬಂದವನು ಮರದ ಸುತ್ತಿಗೆ ತಂದ. "ಇಷ್ಟಕ್ಕೆಲ್ಲ ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ? ನಾಲ್ಕು ಏಟು ಹಾಕಿದ್ರೆ ಕೂರುತ್ತೆ."

"ಇವತ್ತು ಕೂರುತ್ತೆ ರೀ. ಒಣಗಿದ ಮೇಲೆ ಸೀಳು ಅಗಲ ಆಗಿರುತ್ತೆ. ಸೋಮವಾರ ಯಾರೋ ಅಜ್ಜಿ ಕೂತಾಗ ಸಡಿಲ ಆಗುತ್ತೆ." ಸುತ್ತಿಗೆ ಕಿತ್ತುಕೊಂಡು ಒಳಗಿಟ್ಟಳು.

ಬಿಸಿಲಲ್ಲಿ ಬಿಟ್ಟರೆ ಬಾಗುತ್ತೆ, ನೆರಳಲ್ಲಿ ಇಟ್ಟರೆ ಸೋಮವಾರಕ್ಕೆ ಒಣಗಲ್ಲ. ಅವಳು ಅಂಗಳದಲ್ಲೇ ಕೂತುಬಿಟ್ಟಳು. ನಾನು ಹೆದರಿಕೊಂಡೇ ಬಾಯಿ ಬಿಟ್ಟೆ, "ಅಟ್ಟಕ್ಕೆ ಹಾಕಿದ್ರೆ?"

ನಮ್ಮ ಅಟ್ಟ ಕೊಬ್ಬರಿ ಅಟ್ಟ. ಅಡಕೆ ದಬ್ಬೆ ಬಿಡಿಬಿಡಿಯಾಗಿ ಜೋಡಿಸಿದ ನೆಲ, ಕೆಳಗಿಂದ ಗಾಳಿ ಆಡುತ್ತೆ, ಮೇಲೆ ಹೆಂಚಿನ ಕಾವು. ತೆಂಗಿನಕಾಯಿ ಬಿಸಿಲನ್ನೇ ಕಾಣದೆ ಹನ್ನೊಂದು ತಿಂಗಳು ಅಲ್ಲೇ ಕೂತು ಒಳಗೊಳಗೇ ಕೊಬ್ಬರಿಯಾಗುತ್ತೆ. ಹೇಮಾ ತಲೆಯೆತ್ತಿ ನೋಡಿದಳು. ಗಂಡ ಹೆಂಡತಿ ಕಾಯಿಗಳನ್ನು ಒಂದು ಕಡೆ ಸರಿಸಿ, ಎಪ್ಪತ್ತೆರಡು ತುಂಡುಗಳನ್ನೂ ಒಂದಕ್ಕೊಂದು ತಾಗದ ಹಾಗೆ ನಿಲ್ಲಿಸಿದರು. ನನಗೆ ಏಣಿ ಹತ್ತೋಕೆ ಆಗಲ್ಲ. ಕೆಳಗೆ ಅಂಗಳದಲ್ಲಿ ನಿಂತು ಆಕಾಶ ನೋಡ್ತಿದ್ದೆ. ಮೋಡ ಬಂದರೆ ಮೈ ಬೆವರೋದು, ಬಿಸಿಲು ಬಂದರೆ ಉಸಿರು ಬರೋದು.

ಭಾನುವಾರ ಮಧ್ಯಾಹ್ನ ಒಂದೊಂದಾಗಿ ಇಳಿಸಿದರು. ಕೆಲವು ಹದಕ್ಕೆ ಬಂದಿದ್ದವು. ಕೆಲವು ಇನ್ನೂ ದಪ್ಪ. ಕೆಲವುಗಳ ನಾಲಿಗೆಯ ತುದಿ ಪುಸ್ತಕದ ಹಾಳೆ ಥರ ಬಿಚ್ಚಿತ್ತು. ನೀರು ಕಾಣದ ಹದಿನಾರು ಮಣೆ ಹೇಗೂ ಸರಿ ಇದ್ದವು. ಆದರೂ ಹೇಮಾ ಎಲ್ಲವನ್ನೂ ಜೋಡಿಸಿ ಶಿವಗಂಗಮ್ಮನನ್ನು ಕರೆದಳು.

"ಚಿಕ್ಕತ್ತೆ, ಕೂತ್ಕೊಳ್ಳಿ. ಈ ಕಡೆ ವಾಲಿ. ಆ ಕಡೆ. ಈಗ ಕೈ ಊರಿ ಏಳಿ."

"ಡಾಕ್ಟ್ರು ತೂಕ ಇಳಿಸು ಇಳಿಸು ಅಂತ ಬೈತಿದ್ರು. ಇಳಿಸಿದ್ದಿದ್ರೆ ಇವತ್ತು ನಿಂಗ್ಯಾರೇ ಸಿಗ್ತಿದ್ರು?" ಅಂತ ಶಿವಗಂಗಮ್ಮ ಹತ್ತೊಂಬತ್ತನೇ ಸಲ ಕೂತಳು. ಮಹಾಂತೇಶ ನಕ್ಕ. ಹೇಮಾ ನೆಲಕ್ಕೆ ಕೆನ್ನೆ ತಾಗಿಸಿ ಮಣೆಯ ಅಡಿಯಲ್ಲಿ ಕಿರ್ ಅನ್ನುತ್ತಾ ಅಂತ ಕೇಳ್ತಿದ್ದಳು.

ಒಟ್ಟು ಇಪ್ಪತ್ತಾರು ಗೆದ್ದವು. ಹದಿನಾಲ್ಕು ಸೋತವು.

"ಇನ್ನೊಂದು ಹತ್ತು ತಗೊಂಡು ಹೋಗು, ಅಷ್ಟೇನೂ ಕೆಟ್ಟಿಲ್ಲ. ಯಾರಿಗೆ ಗೊತ್ತಾಗುತ್ತೆ?" ಅಂದ ಮಗ.

"ಕೂತೋರಿಗೆ ಗೊತ್ತಾಗುತ್ತೆ" ಅಂದಳು. ಆ ಇಪ್ಪತ್ತಾರಕ್ಕೆ ಪಾಲಿಶ್ ಹಚ್ಚಿದಳು. ಆರೋದಕ್ಕೆ ಹೊತ್ತಿಲ್ಲ ಅಂತ ಒಂದೇ ಕೈ, ಅದೂ ಕೂರುವ ಹಲಗೆಗೆ ಮಾತ್ರ.

ಸೋಮವಾರ ಮಠದಲ್ಲಿ ಶಿವಪ್ರಕಾಶ್ ಎಣಿಸಿದರು. "ಇಪ್ಪತ್ತಾರೇ? ಜಗಲಿ ಮೇಲೆ ನಲವತ್ತು ಜನ ಅವ್ರಲ್ಲಮ್ಮ!"

ಹೇಮಾ ಬಾಯಿ ತೆರೆಯೋಕೆ ಮುಂಚೆ ನಾನೇ ಮುಂದೆ ಹೋದೆ. "ತಪ್ಪು ನಂದು ಸ್ವಾಮಿ. ತೊಳೆದು ಹಾಳು ಮಾಡಿದೆ." ಅವರಿಗೆ ಅರ್ಥ ಆಗಲಿಲ್ಲ. ಮಣೆ ತೊಳೆಯೋದು ತಪ್ಪು ಹೇಗಾಗುತ್ತೆ ಅಂತ ಅವರ ಮುಖ. ಕೊನೆಗೆ ಇಪ್ಪತ್ತಾರು ಜನ ಮೊದಲ ಸಾಲಿಗೆ, ಮಿಕ್ಕವರು ಎರಡನೇ ಸಾಲಿಗೆ ಅಂತ ಮಾಡಿದರು. ನಾನು ಎರಡನೇದಕ್ಕೆ ನಿಂತೆ.

ಹಿರಿಯರು ಒಬ್ಬೊಬ್ಬರೇ ಒಳಗೆ ಬಂದರು. ಮಣೆ ನೋಡಿದರು, ಮುಟ್ಟಿದರು, ಕೂತರು. ತಟ್ಟೆ ತೊಡೆ ಮೇಲೆ ಇಟ್ಟುಕೊಂಡರು. ಶರಣು ಅಂತ ಎಲ್ಲರ ಜೊತೆ ಕೈಯೆತ್ತಿದಾಗ ಒಬ್ಬ ಅಜ್ಜ ಹಿಂದಕ್ಕೆ ವಾಲಿದರು. ಹೇಮಾ ಗೋಡೆ ಬಿಟ್ಟು ಓಡಿ ಬಂದಳು. ಅಜ್ಜ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದು ಅಷ್ಟೇ. "ಏನವ್ವ, ಪಾಯಸ ತಂದ್ಯಾ?" ಅಂತ ಕೇಳಿದರು. ಊಟ ಮುಗಿಯೋ ತನಕ ಅವಳು ಸಾಲಿನ ಹಿಂದೆ ಬಗ್ಗಿ ಬಗ್ಗಿ ಮಣೆಗಳ ಕಾಲುಗಳನ್ನೇ ನೋಡಿಕೊಂಡು ಓಡಾಡಿದಳು. ಇಪ್ಪತ್ತಾರು ಜನವೂ ಎದ್ದರು. ಯಾರೂ ಬೀಳಲಿಲ್ಲ. ನನಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಬಡಿಸುವವರು ಬಕೆಟ್ಟು ಹಿಡಿದು ಬಂದರು. ಒಬ್ಬ ಒಂದು ತುದಿಯಿಂದ ಧೋ ಅಂತ ನೀರು ಸುರಿದ, ಇನ್ನೊಬ್ಬ ಪೊರಕೆಯಲ್ಲಿ ತಳ್ಳಿದ. ನೀರು ಮಣೆಗಳ ಕಾಲಿನ ಕಡೆ ಹರಿದು ಬಂತು.

"ಬೇಡಾ! ನೀರು ಹಾಕಬೇಡಿ!" ಹೇಮಾ ಚೀರಿದ್ದು ಇಡೀ ಹಾಲಿಗೆ ಕೇಳಿಸಿತು. ಬುದ್ಧಿಯವರೂ ತಿರುಗಿ ನೋಡಿದರು.

"ಎಂಜಲು ನೆಲ ತೊಳೀದೆ ಇನ್ನೊಂದು ಸಾಲು ಹೆಂಗಮ್ಮ ಕೂರಿಸೋದು?" ಅಂದರು ಶಿವಪ್ರಕಾಶ್. ಅವರು ಹೇಳಿದ್ದು ಸರಿಯೇ. ಅದು ಯಾವತ್ತಿಂದಲೂ ನಡೆದು ಬಂದ ಪದ್ಧತಿ. ನಾನೂ ನೂರು ಸಲ ನೋಡಿದ್ದೇನೆ. ನೆಲ ತೊಳೆಯುವ ಮನೆಗೆ ಮಣೆ ಮಾಡ್ತಿದ್ದೀವಿ ಅಂತ ನನಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ.

ಅವಳು ಸೆರಗು ಸಿಕ್ಕಿಸಿ ಒಂದೊಂದೇ ಮಣೆ ಎತ್ತಿ ಒಣಗಿದ ಕಡೆಗೆ ಇಟ್ಟಳು. ನಾವೂ ಕೈ ಹಾಕಿದೆವು. ನೆಲ ತೊಳೆದು, ಬಟ್ಟೆ ಹಾಕಿ ಒರೆಸಿ, ಮತ್ತೆ ಮಣೆ ಹಾಕಿದರು. ನಾನು ಕೂತೆ. ಯಾರೋ ಕೂತು ಎದ್ದ ಬಿಸುಪು ಇನ್ನೂ ಇತ್ತು. ಎಷ್ಟು ತಿಂಗಳಾದ ಮೇಲೆ ಸಾಲಿನಲ್ಲಿ ಕೈಯೆತ್ತಿದೆನೋ. ಎದುರಿಗೆ ಬಾಗಿಲ ಹತ್ತಿರ ಅವಳು ಒದ್ದೆಯಾದ ಮಣೆಯ ಕಾಲೊಂದನ್ನು ಸೆರಗಿನಲ್ಲಿ ಒರೆಸುತ್ತಾ ನಿಂತಿದ್ದಳು.

ಊಟ ಆದಮೇಲೆ ಅವಳು ಮಣೆಗಳನ್ನು ಬಿಚ್ಚತೊಡಗಿದಳು.

"ಯಾಕಮ್ಮ? ಇಟ್ಟು ಹೋಗು. ಹುಷಾರಾಗಿ ನೋಡ್ಕೋತೀವಿ" ಅಂದರು ಶಿವಪ್ರಕಾಶ್.

"ಇವತ್ತು ನಾನು ಕೂಗಿದೆ ಸಾರ್. ಮುಂದಿನ ಅಮಾವಾಸ್ಯೆಗೆ ಬೇರೆಯವರು ಬಕೆಟ್ ಹಿಡಿದಿರ್ತಾರೆ. ನೀರು ಕುಡಿಯುತ್ತೆ, ಊದುತ್ತೆ, ಒಣಗುತ್ತೆ, ಸಡಿಲ ಆಗುತ್ತೆ. ಬೀಳೋದು ಇವತ್ತಲ್ಲ, ಆಮೇಲೆ. ತಪ್ಪು ನಂದು. ಎತ್ತರ ಅಳೆದೆ, ದಪ್ಪ ಅಳೆದೆ, ನೀರನ್ನ ಬಿಟ್ಟೆ."

ಮೊದಲ ಸಾಲಿನ ಆ ಅಜ್ಜ ಮತ್ತೆ ಬಂದು ಒಂದು ಮಣೆ ಮೇಲೆ ಕೂತುಬಿಟ್ಟಿದ್ದರು. "ಇದನ್ನ ನಾನು ಬಿಟ್ಟುಕೊಡಾಕಿಲ್ಲ. ಕೊಟ್ಟಿದ್ದನ್ನ ಕಿತ್ಕೊಂಡು ಹೋಯ್ತಾರೇನವ್ವ?" ಶಿವಗಂಗಮ್ಮನೂ ಸೇರಿಕೊಂಡಳು, "ಮೂವತ್ತು ಸಲ ಕೂತು ಎದ್ದಿದೀನಿ ಕಣೇ ಇದಕ್ಕೆ!" ಹೇಮಾಳ ಮುಖ ಕೆಂಪಾಯಿತು, ಕೈ ನಿಲ್ಲಲಿಲ್ಲ. ಅಜ್ಜನ ಮುಂದೆ ಕೂತು, "ತಾತ, ನಿಮಗೆ ಅಂತಾನೇ ಒಂದು ತರ್ತೀನಿ, ಏಳಿ" ಅಂದಳು. ಅವರು ಬೈದುಕೊಂಡೇ ಎದ್ದರು. ಬಾಗಿಲಲ್ಲಿ ಶಿವಪ್ರಕಾಶ್, "ಬರೋ ಅಮಾವಾಸ್ಯೆ ತನಕ ನೋಡ್ತೀನಮ್ಮ. ಅಲ್ಲಿಗೂ ಆಗ್ಲಿಲ್ಲಾಂದ್ರೆ ಮತ್ತೆ ಜಗಲಿನೇ" ಅಂದರು.

ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ ಇದೆ. ಸುನಿಲ್ ಹಾಸನದಿಂದ ನೀರು ತಡೆಯುವ ಬೇರೆ ಜಾತಿ ಶೀಟು ತರಿಸಿದ್ದಾನೆ. ಕಾಲಿನ ತುದಿಗೆ ರಬ್ಬರು ತೊಡಿಸೋದು ಅಂತ ಆಗಿದೆ. ಒಂದು ಕಾಲು, ಒಂದು ಹಲಗೆ ಕೊಯ್ದು ತಂದು ಬಚ್ಚಲಮನೆಯ ತೊಟ್ಟಿಯಲ್ಲಿ ಮುಳುಗಿಸಿದ್ದಾಳೆ, ಮೇಲೆ ರುಬ್ಬುಗುಂಡು ಹೇರಿ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ತೆಗೆದು ಅಳೆಯುತ್ತಾಳೆ. ಅಲ್ಲಿಯ ತನಕ ಮನೆಯವರ ಸ್ನಾನ ಹಿತ್ತಲಲ್ಲಿ.

ಶಿವಗಂಗಮ್ಮ ದಿನಾ ಫೋನು ಮಾಡ್ತಾಳೆ, "ಅಕ್ಕ, ಈ ಸಲ ಒಳಗೋ ಜಗಲಿಗೋ?"

"ಮರ ಇನ್ನೂ ನೀರಲ್ಲೈತೆ ಕಣೇ" ಅಂತೀನಿ.

ಇವತ್ತಿಗೆ ಐದು ದಿನ. ಬೆಳಗ್ಗೆ ತೆಗೆದು ಒರೆಸಿ, ನಾಲಿಗೆಯನ್ನು ಸೀಳಿಗೆ ಇಟ್ಟು ಅಂಗೈಯಲ್ಲಿ ತಟ್ಟಿದಳು. ಟಪ್ ಅಂತ ಕೂತಿತು. ನನಗೆ ಕುಣಿಯುವ ಹಾಗಾಯಿತು. ಅವಳು ಅಡಿಮೇಲು ಮಾಡಿ ನೋಡಿದಳು, ಮೂಗಿನ ಹತ್ತಿರ ಹಿಡಿದು ಅಂಟಿನ ವಾಸನೆ ನೋಡಿದಳು, ಬಿಚ್ಚಿ ಮತ್ತೆ ತೊಟ್ಟಿಗೆ ಹಾಕಿದಳು.

"ಕೂತ್ಕೊಳ್ತಲ್ಲೇ, ಇನ್ಯಾಕೆ?" ಅಂದೆ.

"ಮಠದವರು ಐದೇ ದಿನ ತೊಳೆದು ನಿಲ್ಲಿಸ್ತಾರಾ ಅತ್ತೆ?" ಅಂತ ರುಬ್ಬುಗುಂಡು ಎತ್ತಿ ಅದರ ಮೇಲಿಟ್ಟಳು.